ಹಾಡಿನ ನೆತ್ತಿಯ ಮೇಲೊಂದು ಅಕ್ಷರ



ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಗಿಟಾರ್ ಅಥವಾ ಕೀಬೋರ್ಡ್ ಇದೆ ಎಂದು ಕೇಳಿದರೆ ಬಹಳಷ್ಟು ಕೈಗಳು ಮೇಲೇಳುತ್ತವೆ. ಅದರಲ್ಲಿ ಒಂದಾದರೂ ಕನ್ನಡ ಹಾಡು ನುಡಿಸಿದ್ದೀರಾ ಎಂದು ಕೇಳಿದರೆ ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಇದನ್ನು ನಿಮ್ಮ ಮೇಲಿನ ದೂರು ಎಂದು ತಿಳಿಯಬೇಡಿ. ಇಂಗ್ಲಿಷ್ ಹಾಡಾಗಲಿ, ಹಿಂದಿ ಹಾಡಾಗಲಿ, ಹುಡುಕಿದ ಕೂಡಲೇ ಸಾಲಿನ ಮೇಲೆ ಸಿ, ಎಫ್, ಜಿ, ಎ ಮೈನರ್ ಎಂದು ಅಕ್ಷರಗಳನ್ನು ಬರೆದಿಟ್ಟ ಪುಟ ನಿಮ್ಮ ಕೈಗೆ ಸಿಗುತ್ತದೆ. ನಿಮ್ಮ ಅಜ್ಜಿ ಹೇಳುವ ತೊಟ್ಟಿಲ ಹಾಡಿಗೆ, ಆರತಿ ಹಾಡಿಗೆ ಅಂಥ ಪುಟ ಎಲ್ಲಿಯೂ ಸಿಗುವುದಿಲ್ಲ. ಏಕೆಂದರೆ ಯಾರೂ ಬರೆದಿಲ್ಲ. ಬರೆಯಬಲ್ಲವರು ಯಾರಾದರೂ ಇದ್ದರೆ ಅದು ನೀವೇ.

ನಾನು ಸಂಗೀತ ವಿದುಷಿಯಲ್ಲ. ಮದುವೆಗೆ ಮುಂಚೆ ಜೂನಿಯರ್ ಪರೀಕ್ಷೆಯವರೆಗೆ ಕಲಿತು ಬಿಟ್ಟವಳು. ಕಂಪ್ಯೂಟರಿನಲ್ಲಿ ಸ್ವರ ಬರೆಯುವ ವಿದ್ಯೆ ಬಂದದ್ದು ಮಗಳ ಕುರ್ಚಿಯ ಹಿಂದೆ ನಿಂತು ನೋಡಿ. ಆದರೂ ನಾವಿಬ್ಬರೂ ಮಾಡಿದ ಒಂದು ಕೆಲಸ, ಅದರಲ್ಲಿ ಪಟ್ಟ ಒಂದು ಅವಮಾನ, ಅದರಿಂದ ಕಲಿತ ನಾಲ್ಕು ವಿಷಯಗಳು ನಿಮಗೆ ಉಪಯೋಗಕ್ಕೆ ಬಂದಾವು ಎಂದು ಬರೆಯುತ್ತಿದ್ದೇನೆ.

ರೇಷನ್ ಕಾರ್ಡೇ?

ನನ್ನ ದೊಡ್ಡಮ್ಮ ತೀರ್ಥಹಳ್ಳಿಯ ಕಡೆಯವರು. 2022ರಲ್ಲಿ ಡೊಂಬಿವಲಿಯ ನಮ್ಮ ಮನೆಗೆ ಬಂದು ನಮ್ಮೊಡನೆಯೇ ಉಳಿದರು. ಪಕ್ಕದ ಮನೆಯ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಅವರು ಒಂದು ತೊಟ್ಟಿಲ ಹಾಡು ಹೇಳುತ್ತಿದ್ದರು. ಅಂಥ ಹಾಡುಗಳ ಮಾತುಗಳು ಜನಪದ ಗೀತೆಗಳ ಸಂಗ್ರಹಗಳಲ್ಲಿ ಸಿಗಬಹುದು. ಆದರೆ ಪುಸ್ತಕದಲ್ಲಿ ಮಾತು ಇರುತ್ತದೆ, ಧಾಟಿ ಇರುವುದಿಲ್ಲ. ದೊಡ್ಡಮ್ಮ ಹೇಳುತ್ತಿದ್ದ ಧಾಟಿ ಅವರ ತಾಯಿಯಿಂದ ಅವರಿಗೆ ಬಂದದ್ದು. ನನಗೆ ಅರ್ಧ ಬರುತ್ತಿತ್ತು, ಮಗಳಿಗೆ ಏನೂ ಬರುತ್ತಿರಲಿಲ್ಲ. ಮೂರು ತಲೆಮಾರಿನಲ್ಲಿ ಒಂದು ಹಾಡು ಹೇಗೆ ಕರಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

2023ರ ರಾಜ್ಯೋತ್ಸವಕ್ಕೆ ಸಂಘದ ಹುಡುಗರೆಲ್ಲ ಸೇರಿ ಏನಾದರೂ ನುಡಿಸಬೇಕು ಎಂದಾಗ ಮಗಳು ಈ ಹಾಡನ್ನೇ ಆರಿಸಿದಳು. ಅವಳು ಕೀಬೋರ್ಡು, ಅವಳ ಗೆಳೆಯನೊಬ್ಬ ಗಿಟಾರು, ಹಾಡುವವರು ದೊಡ್ಡಮ್ಮ. “ಅಜ್ಜಿ, ನಿನ್ನ ಹಾಡಿಗೆ ಕಾರ್ಡ್ ಹಾಕುತ್ತೇನೆ” ಎಂದಳು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, “ಯಾವ ಕಾರ್ಡೇ ಪುಟ್ಟಿ? ರೇಷನ್ ಕಾರ್ಡೇ?” ಎಂದರು!

ಕಾರ್ಡ್ ಎಂದರೆ ಮೂರು ಅಥವಾ ಹೆಚ್ಚು ಸ್ವರಗಳು ಒಟ್ಟಿಗೆ ಮೊಳಗುವುದು. ಸಿ ಎಂದು ಬರೆದರೆ ಸಿ, ಇ, ಜಿ. ಸಿ ಸ್ವರವನ್ನು ಷಡ್ಜ ಎಂದುಕೊಂಡರೆ ಅದು ನಮ್ಮ ಸ, ಗ, ಪ. ಎ ಅಕ್ಷರದ ಪಕ್ಕ ಚಿಕ್ಕ ಎಂ ಬರೆದರೆ ಎ ಮೈನರ್, ಅಂದರೆ ಎ, ಸಿ, ಇ. ನಮ್ಮ ದ, ಸ, ಗ. ರಾಗವನ್ನು ಗಾಯಕಿ ಹಾಡುತ್ತಾಳೆ, ಕಾರ್ಡುಗಳನ್ನು ಪಕ್ಕವಾದ್ಯದವರು ನುಡಿಸುತ್ತಾರೆ. ಅವರಿಗೆ ಇಡೀ ಸ್ವರಪಂಕ್ತಿ ಬೇಕಿಲ್ಲ. ಸಾಲಿನ ನೆತ್ತಿಯ ಮೇಲೆ ಸರಿಯಾದ ಜಾಗದಲ್ಲಿ ಒಂದು ಅಕ್ಷರವಿದ್ದರೆ ಸಾಕು. ಕನ್ನಡ ಓದಲು ಬಾರದ ಹುಡುಗನೂ ನಿಮ್ಮ ಅಜ್ಜಿಯ ಹಾಡಿಗೆ ಕೈಗೂಡಿಸಬಹುದು.

ಕಂಪ್ಯೂಟರಿನ ಮುಂದೆ

ಸ್ವರ ಬರೆಯುವ ತಂತ್ರಾಂಶಗಳಲ್ಲಿ ಸಿಬೇಲಿಯಸ್, ಡೊರಿಕೊ ಮುಂತಾದವು ಇವೆ. ನಾವು ಬಳಸಿದ್ದು ಮ್ಯೂಸ್‌ಸ್ಕೋರ್, ಅದು ಉಚಿತ. ಮೊದಲು ಎನ್ ಕೀಲಿ ಒತ್ತಿದರೆ ಸ್ವರ ಬರೆಯಲು ಅಣಿಯಾಗುತ್ತದೆ. ಒಂದು ಎಣಿಕೆಯ ಸ್ವರಕ್ಕೆ 5, ಅರ್ಧ ಎಣಿಕೆಗೆ 4, ಎರಡು ಎಣಿಕೆಗೆ 6 ಒತ್ತಿ, ಸ್ವರದ ಹೆಸರಿನ ಅಕ್ಷರವನ್ನು ಒತ್ತುತ್ತ ಹೋದರೆ ಧಾಟಿ ಕೂಡಿಕೊಳ್ಳುತ್ತದೆ. ಸಾಹಿತ್ಯ ಬರೆಯಲು ಕಂಟ್ರೋಲ್ ಹಿಡಿದು ಎಲ್.

ಧಾಟಿ ಪೂರ್ತಿ ಬರೆದು, ಹಾಡುವವರಿಗೆ ನುಡಿಸಿ ತೋರಿಸಿ, ತಪ್ಪು ತಿದ್ದಿಕೊಂಡ ಮೇಲೆಯೇ ಕಾರ್ಡಿಗೆ ಕೈ ಹಾಕಿ. ಯಾವ ಸ್ವರದ ಮೇಲೆ ಕಾರ್ಡ್ ಬೇಕೋ ಆ ಸ್ವರವನ್ನು ಆರಿಸಿ, ಕಂಟ್ರೋಲ್ ಹಿಡಿದು ಕೆ ಒತ್ತಿ. ಸಾಲಿನ ಮೇಲೆ ಚಿಕ್ಕ ಚೌಕ ತೆರೆದುಕೊಳ್ಳುತ್ತದೆ. ಅಲ್ಲಿ ಕಾರ್ಡಿನ ಹೆಸರು ಬರೆಯಿರಿ. ಸ್ಪೇಸ್ ಒತ್ತಿದರೆ ಮುಂದಿನ ಸ್ವರಕ್ಕೋ ಎಣಿಕೆಗೋ ಹೋಗುತ್ತದೆ. ಟ್ಯಾಬ್ ಒತ್ತಿದರೆ ಮುಂದಿನ ಆವರ್ತದ ಮೊದಲಿಗೆ, ಅಂದರೆ ಮುಂದಿನ ಗೆರೆಯಾಚೆಗೆ ಹಾರುತ್ತದೆ. ಕೋಮಲ ಸ್ವರಕ್ಕೆ ಚಿಕ್ಕ ಬಿ, ಶಾರ್ಪಿಗೆ ಟೆಲಿಫೋನಿನಲ್ಲಿ ನೋಡುವ ನಾಲ್ಕು ಗೆರೆಯ ಗುರುತು. ಮೈನರಿಗೆ ಚಿಕ್ಕ ಎಂ ಅನ್ನೇ ಬರೆಯಿರಿ. ದೊಡ್ಡ ಎಂ ಬರೆದರೆ ಓದುವವರು ಮೇಜರ್ ಎಂದು ತಿಳಿಯುತ್ತಾರೆ. ಕೆಳಗಿನ ಸ್ವರ ಬೇರೆ ಬೇಕಿದ್ದರೆ ಓರೆಗೆರೆ ಹಾಕಿ ಅದರ ಹೆಸರು ಬರೆಯಬೇಕು. ಸಿ, ಓರೆಗೆರೆ, ಇ ಎಂದರೆ ಸಿ ಕಾರ್ಡನ್ನು ಇ ಸ್ವರ ತಳದಲ್ಲಿಟ್ಟು ನುಡಿಸು ಎಂದು ಅರ್ಥ.

ಇಷ್ಟೇ ವಿದ್ಯೆ. ನಾವು ಎಡವಿದ್ದು ಇಷ್ಟರಲ್ಲಿಯೇ.

ತಾಲೀಮಿನ ದಿನದ ಪಜೀತಿ

ಮಗಳು ಕಾರ್ಡುಗಳನ್ನು ಬರೆಯುವಾಗ ಕಂಟ್ರೋಲ್ ಜೊತೆ ಕೆ ಒತ್ತಿರಲಿಲ್ಲ, ಟಿ ಒತ್ತಿದ್ದಳು. ಟಿ ಎಂದರೆ ಬರೀ ಬರಹ. ‘ನಿಧಾನವಾಗಿ’, ‘ಎರಡು ಸಲ’ ಎಂದೆಲ್ಲ ಸೂಚನೆ ಬರೆಯಲು ಇರುವ ಜಾಗ ಅದು. ಕಾಗದದ ಮೇಲೆ ನೋಡಿದರೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ಸಿ ಎಂದರೆ ಸಿ, ಅಷ್ಟೇ. ಆದರೆ ಕಂಪ್ಯೂಟರಿಗೆ ಒಂದು ಕಾರ್ಡು, ಇನ್ನೊಂದು ಬರೀ ಅಕ್ಷರ.

ಅವಳು ಸುಲಭವಾಗಲಿ ಎಂದು ಹಾಡನ್ನು ಸಿ ಶ್ರುತಿಯಲ್ಲಿ ಬರೆದಿದ್ದಳು. ದೊಡ್ಡಮ್ಮ ಹಾಡುವುದು ಆರನೇ ಮನೆ ಶ್ರುತಿಯಲ್ಲಿ. ನಮ್ಮ ಶ್ರುತಿಪೆಟ್ಟಿಗೆಯ ಲೆಕ್ಕ ನಿಮಗೆ ಗೊತ್ತಿರಲಿ: ಒಂದನೇ ಮನೆ ಎಂದರೆ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ನಡುವಿನ ಕಪ್ಪು ಮನೆಗಳು ಅರ್ಧದ ಲೆಕ್ಕ. ಒಂದೂವರೆ ಎಂದರೆ ಸಿ ಶಾರ್ಪ್, ಐದೂವರೆ ಎಂದರೆ ಜಿ ಶಾರ್ಪ್. ಹಿರಿಯರು ‘ಐದೂವರೆ ಮನೆ’ ಎಂದಾಗ ತಬ್ಬಿಬ್ಬಾಗಬೇಡಿ, ಅದು ನಿಮಗೆ ತಿಳಿದ ಸ್ವರವೇ.

ಹಾಗಾಗಿ ತಾಲೀಮಿನ ಹಿಂದಿನ ರಾತ್ರಿ ಮಗಳು ಇಡೀ ಹಾಡನ್ನು ಆರಿಸಿ, ಟೂಲ್ಸ್ ಪಟ್ಟಿಯಲ್ಲಿನ ಟ್ರಾನ್ಸ್‌ಪೋಸ್ ಬಳಸಿ ಸಿ ಇಂದ ಎ ಗೆ ಇಳಿಸಿದಳು. ಸ್ವರಗಳೆಲ್ಲ ಸರಿಯಾಗಿ ಇಳಿದವು. ನೆತ್ತಿಯ ಮೇಲಿನ ಅಕ್ಷರಗಳು ಇದ್ದಲ್ಲಿಯೇ ಇದ್ದವು. ಕಾಗದ ತೆಗೆದುಕೊಂಡು ಸಂಘಕ್ಕೆ ಹೋದೆವು. ದೊಡ್ಡಮ್ಮ ಕಣ್ಣುಮುಚ್ಚಿ ಶುರುಮಾಡಿದರು, ಮಗಳು ಎ ಯಲ್ಲಿ ರಾಗ ನುಡಿಸಿದಳು, ಪಾಪ ಆ ಹುಡುಗ ಕಾಗದದಲ್ಲಿದ್ದಂತೆ ಸಿ ಕಾರ್ಡ್ ಬಾರಿಸಿದ. ಹಾಡಿನಲ್ಲಿ ಸಿ ಶಾರ್ಪ್, ಗಿಟಾರಿನಲ್ಲಿ ಸಿ. ಅಕ್ಕಪಕ್ಕದ ಎರಡು ಸ್ವರಗಳು ಜಡೆ ಹಿಡಿದು ಜಗಳವಾಡಿದಂತಾಯಿತು. ಎದುರಿಗೆ ಕುಳಿತಿದ್ದವರು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. “ನನಗೆ ಶ್ರುತಿ ತಪ್ಪಿತು, ವಯಸ್ಸಾಯಿತು, ನಾನು ಹಾಡುವುದಿಲ್ಲ” ಎಂದು ಎದ್ದುಬಿಟ್ಟರು.

ತಪ್ಪು ನಮ್ಮದು, ಹೊತ್ತುಕೊಂಡವರು ಅವರು. ಮನೆಗೆ ಬರುವವರೆಗೆ ಲೋಕಲ್ ಗಾಡಿಯಲ್ಲಿ ಮಗಳು ಒಂದು ಮಾತೂ ಆಡಲಿಲ್ಲ. ಅದೇ ರಾತ್ರಿ ಅಕ್ಷರಗಳನ್ನೆಲ್ಲ ಅಳಿಸಿ, ಈ ಸಲ ಕೆ ಒತ್ತಿ ಕಾರ್ಡುಗಳನ್ನೇ ಬರೆದಳು. ಟ್ರಾನ್ಸ್‌ಪೋಸ್ ಕಿಟಕಿಯಲ್ಲಿ ‘ಕಾರ್ಡ್ ಗುರುತುಗಳನ್ನೂ ಬದಲಿಸು’ ಎಂಬರ್ಥದ ಒಂದು ಚೌಕವಿರುತ್ತದೆ. ಅದಕ್ಕೆ ಗುರುತು ಇದೆಯೇ ಎಂದು ನೋಡಿಕೊಂಡಳು. ಈಗ ಸಿ ಇದ್ದದ್ದು ಎ ಆಯಿತು, ಎ ಮೈನರ್ ಇದ್ದದ್ದು ಎಫ್ ಶಾರ್ಪ್ ಮೈನರ್ ಆಯಿತು. ಕಾರ್ಡ್ ಎಂದೇ ಬರೆದರೆ ಇನ್ನೊಂದು ಲಾಭವೂ ಉಂಟು: 2020ರ 3.5ನೇ ಆವೃತ್ತಿಯಿಂದ ಮ್ಯೂಸ್‌ಸ್ಕೋರ್ ಕಾರ್ಡುಗಳನ್ನು ನುಡಿಸಿಯೂ ತೋರಿಸುತ್ತದೆ. ತಪ್ಪಿದ್ದರೆ ಮನೆಯಲ್ಲೇ ಕಿವಿಗೆ ಬೀಳುತ್ತದೆ, ಸಭೆಯವರೆಗೆ ಹೋಗುವುದಿಲ್ಲ.

ಗಿಟಾರಿನವರಿಗೆ ಒಂದು ಮಾತು. ಎಫ್ ಶಾರ್ಪ್ ಮೈನರ್ ಹಿಡಿಯಲು ಬೆರಳು ನೋಯುತ್ತದೆ ಎನ್ನುವಿರಾದರೆ ಎರಡನೇ ಮನೆಗೆ ಕೇಪೋ ಹಾಕಿ. ಆಗ ಎ ಗೆ ಬದಲು ಜಿ ಹಿಡಿತ, ಎಫ್ ಶಾರ್ಪ್ ಮೈನರಿಗೆ ಬದಲು ಇ ಮೈನರ್ ಹಿಡಿತ ಸಾಕು. ಹಾಡುವವರ ಶ್ರುತಿಗೆ ನಾವು ಹೊಂದಿಕೊಳ್ಳಬೇಕೇ ಹೊರತು ನಮ್ಮ ಬೆರಳಿನ ಸುಖಕ್ಕಾಗಿ ಎಂಬತ್ತರ ಹತ್ತಿರದ ಗಂಟಲನ್ನು ಎಳೆದಾಡಬಾರದು.

ಹೊರಗಿನವರು ಬಂದ ಹಾಗೆ

ಮಾರನೆಯ ದಿನ ಸಮಾಧಾನ ಮಾಡಿ, ಮನೆಯಲ್ಲೇ ಇನ್ನೊಮ್ಮೆ ಹಾಡಿಸಿದೆವು. ಶ್ರುತಿ ಸರಿಹೋಯಿತು. ಆದರೂ ಎರಡನೆಯ ಸಾಲಿನಲ್ಲಿ ದೊಡ್ಡಮ್ಮ ನಿಲ್ಲಿಸಿದರು. “ಇಲ್ಲಿ ನಮ್ಮ ಮನೆಗೆ ಯಾರೋ ಹೊರಗಿನವರು ಬಂದ ಹಾಗಿದೆ ನೋಡು” ಎಂದರು. ಅವರಿಗೆ ಕಾರ್ಡ್ ಗೊತ್ತಿಲ್ಲ, ಕಿವಿ ಮಾತ್ರ ಗೊತ್ತು. ಎಷ್ಟು ಸರಿಯಾಗಿ ಹೇಳಿದ್ದರು ಎಂಬುದು ಲೆಕ್ಕ ಹಾಕಿದಾಗ ತಿಳಿಯಿತು.

ಆ ಧಾಟಿಯಲ್ಲಿ ಇರುವುದು ಐದೇ ಸ್ವರ: ಸ ರಿ ಗ ಪ ದ. ಕರ್ನಾಟಕ ಸಂಗೀತದಲ್ಲಿ ಮೋಹನ ಎನ್ನುವ, ಹಿಂದೂಸ್ತಾನಿಯಲ್ಲಿ ಭೂಪ್ ಎನ್ನುವ ರಾಗಗಳ ಸ್ವರಗಳು. ಸಿ ಶ್ರುತಿಯಲ್ಲಿ ಹೇಳುವುದಾದರೆ ಸಿ, ಡಿ, ಇ, ಜಿ, ಎ. ಮಗಳು ಗಿಟಾರ್ ಕ್ಲಾಸಿನ ಅಭ್ಯಾಸದಂತೆ ಸಿ, ಎಫ್, ಜಿ ಎಂದು ಹಾಕಿದ್ದಳು. ಎಫ್ ಕಾರ್ಡಿನಲ್ಲಿ ಎಫ್ ಇದೆ, ಅಂದರೆ ಮಧ್ಯಮ. ಜಿ ಕಾರ್ಡಿನಲ್ಲಿ ಬಿ ಇದೆ, ಅಂದರೆ ನಿಷಾದ. ಈ ಹಾಡಿಗೆ ಇಬ್ಬರೂ ಹೊರಗಿನವರು!

ಹಾಗಾದರೆ ಏನು ಹಾಕಬೇಕು? ಮೊದಲು ಹಾಡಿನಲ್ಲಿ ಬರುವ ಸ್ವರಗಳ ಪಟ್ಟಿ ಮಾಡಿ. ಆ ಸ್ವರಗಳಿಂದಲೇ ಕಟ್ಟಬಹುದಾದ ಕಾರ್ಡುಗಳು ಯಾವುವು ನೋಡಿ. ಮೋಹನದ ಸ್ವರಗಳಿಗೆ ಸಿ ಮತ್ತು ಎ ಮೈನರ್ ಸಲೀಸಾಗಿ ಸಿಗುತ್ತವೆ. ಜಿ ಬೇಕೇ ಬೇಕು ಎನಿಸಿದರೆ ಜಿ ಸಸ್2 ಇದೆ. ಅದರಲ್ಲಿ ಜಿ, ಎ, ಡಿ ಮಾತ್ರ, ನಿಷಾದದ ಕಾಟವಿಲ್ಲ. ಹಂಸಧ್ವನಿಯಾದರೆ ಸ ರಿ ಗ ಪ ನಿ. ಆಗ ಸಿ, ಜಿ, ಇ ಮೈನರ್ ಮೂರೂ ಒಳಗಿನವರೇ. ಹಿಂದೋಳದಲ್ಲಿ ಪಂಚಮವೇ ಇಲ್ಲ, ಆದ್ದರಿಂದ ಷಡ್ಜದ ಮೇಲೆ ಮಾಮೂಲಿ ಕಾರ್ಡ್ ಕೂರುವುದೇ ಇಲ್ಲ. ಅಲ್ಲಿ ಎಫ್ ಮೈನರ್, ಎ ಫ್ಲ್ಯಾಟ್ ಕೈಹಿಡಿಯುತ್ತವೆ. ಏನೂ ತೋಚದಿದ್ದರೆ, ಹಾಡಿನಲ್ಲಿ ಪಂಚಮವಿದ್ದರೆ, ಸಿ5 ಎಂದು ಬರೆಯಿರಿ. ಅದರಲ್ಲಿರುವುದು ಸ ಮತ್ತು ಪ ಎರಡೇ. ತಂಬೂರಿ ಮೀಟಿದಂತೆ ಕೇಳುತ್ತದೆ, ಯಾರಿಗೂ ಅಡ್ಡಬರುವುದಿಲ್ಲ.

ಸಿನಿಮಾ ಸಂಗೀತದಲ್ಲಿ ಹೊರಗಿನ ಸ್ವರವನ್ನು ಬೇಕೆಂದೇ ತರುತ್ತಾರೆ, ಅದಕ್ಕೊಂದು ಸೊಗಸೂ ಇದೆ. ತಿಳಿದು ತರುವುದು ಬೇರೆ, ತಿಳಿಯದೆ ನುಗ್ಗಿಸುವುದು ಬೇರೆ.

ಇನ್ನು ಕಾರ್ಡ್ ಎಲ್ಲಿ ಬದಲಾಗಬೇಕು? ಪ್ರತಿ ಸ್ವರಕ್ಕೂ ಬೇಡ. ಆ ಹಾಡು ಮೂರು ಮೂರು ಎಣಿಕೆಯಲ್ಲಿ ನಡೆಯುತ್ತದೆ, ಅದಕ್ಕೇ ಮೂರು-ನಾಲ್ಕು ಎಂಬ ತಾಳದ ಗುರುತು ಹಾಕಿದ್ದೆವು. ಹಾಡುವಾಗ ದೊಡ್ಡಮ್ಮನ ಕೈ ಇಲ್ಲದ ತೊಟ್ಟಿಲನ್ನು ತೂಗುತ್ತಿತ್ತು. ಕೈ ಹೋಗಲು ಒಂದು ಗೆರೆ, ಬರಲು ಒಂದು ಗೆರೆ. ಕೈ ಮರಳಿ ಬಂದು ಹೊಸದಾಗಿ ತೂಗುವಲ್ಲಿ ಮಾತ್ರ ಕಾರ್ಡ್ ಬದಲಿಸಿದಾಗ ಹಾಡು ಉಸಿರಾಡಿತು. ನಿಮ್ಮ ಹಾಡು ಆದಿತಾಳದ್ದಾದರೆ ಎಂಟು ಎಣಿಕೆಯನ್ನು ನಾಲ್ಕು ನಾಲ್ಕಾಗಿ ಬರೆದು ಸಮದ ಮೇಲೆ ಕಾರ್ಡ್ ಇಡಿ. ಖಂಡಛಾಪಿಗೆ ಐದು, ಮಿಶ್ರಛಾಪಿಗೆ ಏಳು.

ಕಾಗದಕ್ಕೆ ಎಲ್ಲವೂ ಇಳಿಯುತ್ತದೆಯೇ?

ಇಳಿಯುವುದಿಲ್ಲ. ಗಮಕ, ಜಾರು, ಹಾಡುವವರ ಗಂಟಲಿನ ಸಣ್ಣ ನಡುಕ, ಇವನ್ನು ಐದು ಗೆರೆ ಹಿಡಿಯಲಾರದು. ಆದರೂ ನಮ್ಮ ಹಿರಿಯರು ಬರೆಯುವುದನ್ನು ಬಿಡಲಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿದಾಗ ಗಮಕಗಳಿಗೂ ಗುರುತುಗಳನ್ನು ಹಾಕಿ ಕೃತಿಗಳನ್ನು ಉಳಿಸಿದರು. ಪಾಶ್ಚಾತ್ಯ ಸಂಗೀತ ನಮಗೆ ಹೊರತು ಎಂದು ಯಾರಾದರೂ ಹೇಳಿದರೆ ಮೈಸೂರಿನ ಕಡೆ ಬೆರಳು ತೋರಿಸಿ. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಕೇಳಿಬಂದದ್ದು ಇವರ ಧನಸಹಾಯದಿಂದ. ಎರಡು ಸಂಗೀತಗಳು ಒಂದೇ ಎದೆಯಲ್ಲಿ ಜಗಳವಿಲ್ಲದೆ ಇರಬಲ್ಲವು.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೂ ಸಿ. ಅಶ್ವತ್ಥ್ ಅವರ ಧಾಟಿಯೂ ಚಾಲ್ತಿಯಲ್ಲಿದ್ದು, ಯಾವುದನ್ನು ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡು ನಿಮಿಷ ಮೂವತ್ತು ಸೆಕೆಂಡುಗಳ ಅವಧಿಯನ್ನು ನಿಗದಿ ಮಾಡಿತು. ಅಷ್ಟು ದೊಡ್ಡ ಹಾಡಿನ ಧಾಟಿಗೇ ಇಷ್ಟು ಕಾಲ ಹಿಡಿಯಿತು. ನಿಮ್ಮ ಅಜ್ಜಿಯ ಹಾಡಿಗೆ ಯಾವ ಸರ್ಕಾರ ಆದೇಶ ಹೊರಡಿಸೀತು?

ಆದ್ದರಿಂದ ಪುಟದ ಮೇಲ್ಭಾಗದಲ್ಲಿ ಇಷ್ಟನ್ನು ತಪ್ಪದೆ ಬರೆಯಿರಿ: ಹಾಡಿನ ಹೆಸರು, ಮಾತು ಯಾರದು, ಧಾಟಿ ಯಾರದು, ಯಾರ ಬಾಯಿಂದ ಕೇಳಿದ್ದು, ಅವರು ಯಾವ ಊರಿನವರು, ಬರೆದ ವರ್ಷ. ಭಾವಗೀತೆಯಾದರೆ ಕವಿಯ ಹೆಸರಿನೊಡನೆ ಸಂಗೀತ ಸಂಯೋಜಕರ ಹೆಸರೂ ಇರಲಿ. ಆಮೇಲೆ ಕಡತವನ್ನು ಒಂದೇ ರೂಪದಲ್ಲಿ ಇಡಬೇಡಿ. ಮೂರೂವರೆ ದಶಕ ಸಂಗೀತಗಾರರು ಬಳಸಿದ ಫಿನಾಲೆ ಎಂಬ ತಂತ್ರಾಂಶವನ್ನು ಮುಂದುವರಿಸುವುದಿಲ್ಲ ಎಂದು ಅದರ ಕಂಪನಿ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ನಮ್ಮ ಕ್ಯಾಸೆಟ್ಟುಗಳು ಬೂಸಲು ಹಿಡಿದ ಹಾಗೆ ಕಡತಗಳಿಗೂ ಮುಪ್ಪು ಬರುತ್ತದೆ. ಬೇರೆ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್ ಎಕ್ಸ್‌ಎಂಎಲ್ ರೂಪದಲ್ಲಿ ಒಂದು, ಪಿಡಿಎಫ್ ಒಂದು, ಕಾಗದದ ಮೇಲೆ ಅಚ್ಚು ಹಾಕಿದ್ದು ಒಂದು, ಹೀಗೆ ಮೂರು ಕಡೆ ಇಡಿ. ಹಾಡಿದವರ ದನಿಯನ್ನೂ ಮೊಬೈಲಿನಲ್ಲಿ ಹಿಡಿದು ಜೊತೆಗಿಡಿ. ಕಾಗದ ಬಿಟ್ಟದ್ದನ್ನು ದನಿ ಹೇಳುತ್ತದೆ.

ಸುಮ್ಮನಿರುವ ಜಾಗ

ರಾಜ್ಯೋತ್ಸವದ ದಿನ ದೊಡ್ಡಮ್ಮ ಹಾಡಿದರು. ಅದಕ್ಕೆ ಎರಡು ದಿನ ಮೊದಲು ಅವರು ಇನ್ನೊಂದು ತಿದ್ದುಪಡಿ ಹೇಳಿದ್ದರು. ಪ್ರತಿ ನುಡಿಯ ಕೊನೆಯ ಸಾಲಿನಲ್ಲಿ ಮಗಳು ಮತ್ತೆ ಸಿ ಗೆ ಮರಳಿ ಚೆನ್ನಾಗಿ ಮುಗಿಸಿದ್ದಳು. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡಮ್ಮ ಕೈ ಎತ್ತಿ, “ಇಲ್ಲಿ ನಿನ್ನ ಪೆಟ್ಟಿಗೆ ಸುಮ್ಮನಿರಲಿ ಪುಟ್ಟಿ. ಮಗು ಮಲಗಿತೋ ಇಲ್ಲವೋ ಎಂದು ತಾಯಿ ಕಿವಿಗೊಡುವ ಜಾಗ ಇದು. ಸದ್ದು ಮಾಡಿದರೆ ಎದ್ದುಬಿಡುತ್ತದೆ” ಎಂದರು.

ಕಾರ್ಡ್ ಬೇಡ ಎನ್ನುವುದಕ್ಕೂ ಒಂದು ಗುರುತಿದೆ. ಅದೇ ಚೌಕದಲ್ಲಿ ಎನ್, ಚುಕ್ಕೆ, ಸಿ, ಚುಕ್ಕೆ ಎಂದು ಬರೆಯಬೇಕು. ನೋ ಕಾರ್ಡ್ ಎಂದು ಅರ್ಥ. ಅದನ್ನು ಕಂಡ ಕೂಡಲೇ ಗಿಟಾರಿನವನು ಕೈ ನಿಲ್ಲಿಸುತ್ತಾನೆ, ದನಿಯೊಂದೇ ಉಳಿಯುತ್ತದೆ.

2025ರ ಶ್ರಾವಣದಲ್ಲಿ ದೊಡ್ಡಮ್ಮ ತೀರಿಕೊಂಡರು. ಹಾಡು ಮಗಳ ಬಳಿ ಇದೆ, ಗಿಟಾರಿನ ಹುಡುಗನ ಬಳಿ ಇದೆ, ಸಂಘದ ಮೂವರು ಮಕ್ಕಳು ಅದನ್ನು ಕಲಿತಿದ್ದಾರೆ. ಅವರು ನುಡಿಸುವಾಗ ಪ್ರತಿ ನುಡಿಯ ಕೊನೆಗೆ ಎಲ್ಲರ ಕೈಗಳೂ ತಾವಾಗಿ ನಿಲ್ಲುತ್ತವೆ. ಯಾಕೆ ಎಂದು ಹೊಸಬರು ಕೇಳಿದರೆ, “ಮಗು ಮಲಗಿತೋ ಇಲ್ಲವೋ ನೋಡುವುದಕ್ಕೆ” ಎಂದು ಮಗಳು ಹೇಳುತ್ತಾಳೆ.

ಹಾಡುತ್ತ ಹಾಡುತ್ತ ರಾಗ ಎಂದು ನಮ್ಮವರು ಗಾದೆ ಮಾಡಿದ್ದಾರೆ. ಬರೆಯುತ್ತ ಬರೆಯುತ್ತ ಬರಹವೂ ಬರುತ್ತದೆ. ಈ ಭಾನುವಾರ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಒಂದು ಹಾಡು ಕೇಳಿ. ಅವರ ಶ್ರುತಿ ಯಾವ ಮನೆ ಎಂದು ಮೊದಲು ಕೇಳಿಕೊಳ್ಳಿ. ಆಮೇಲೆ ಕಂಪ್ಯೂಟರ್ ತೆರೆಯಿರಿ. ಕಾರ್ಡ್ ಹಾಕುವಾಗ ಕಂಟ್ರೋಲ್ ಜೊತೆ ಕೆ ಒತ್ತಿ, ಟಿ ಅಲ್ಲ!